ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು, ನಡುವೆ ಒಂದು ಗಂಟೆ ಎಲ್ಲಿ ಹೋಯಿತು?

ಪ್ರಶ್ನೆ: ಸಾಗರದ ಲೆಕ್ಕದಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ನಾನು ಮತ್ತು ನಮ್ಮ ಯಜಮಾನರು ನವೆಂಬರ್ ಎರಡನೆಯ ವಾರದ ಕೊನೆಯಲ್ಲಿ ಅಮೆರಿಕಕ್ಕೆ ಹೊರಡುವವರಿದ್ದೇವೆ. ಮಗಳು, ಅಳಿಯ ಇರುವುದು ಫ್ರೀಮಾಂಟ್‌ನಲ್ಲಿ. ನಾವು ಇಳಿಯಬೇಕಾದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹಿಂದಿರುಗುವುದು ಏಪ್ರಿಲ್‌ನಲ್ಲಿ. ನಾವಿಬ್ಬರೂ ಇದುವರೆಗೆ ದೇಶದ ಗಡಿ ದಾಟಿದವರಲ್ಲ.

ಶಿವಮೊಗ್ಗದ ಟಿಕೆಟ್ ಏಜೆಂಟರು ಎರಡು ಹಾಳೆ ಕೊಟ್ಟಿದ್ದಾರೆ. ಒಂದರಲ್ಲಿ ಫ್ರಾಂಕ್‌ಫರ್ಟ್ ಮೂಲಕ, ಇನ್ನೊಂದರಲ್ಲಿ ಹಾಂಗ್‌ಕಾಂಗ್ ಮೂಲಕ. ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವಳು. ಕಾಗದದ ಮೇಲಿನ ಅಂಕಿ ತಾಳೆಯಾಗದಿದ್ದರೆ ನನಗೆ ರಾತ್ರಿ ನಿದ್ರೆ ಬರುವುದಿಲ್ಲ. ಈ ಎರಡು ಹಾಳೆಗಳೂ ತಾಳೆಯಾಗುತ್ತಿಲ್ಲ.

ಫ್ರಾಂಕ್‌ಫರ್ಟ್ ಹಾಳೆ ಹೀಗಿದೆ: ಬೆಂಗಳೂರಿನಿಂದ ಬೆಳಗಿನ ಜಾವ 3ಕ್ಕೆ ಹೊರಟರೆ ಅದೇ ದಿನ ಮಧ್ಯಾಹ್ನ 1ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ನೋಡಿದರೆ ಹತ್ತೇ ಗಂಟೆ. ಆದರೆ ಕೆಳಗೆ ಒಟ್ಟು ಪ್ರಯಾಣ 23 ಗಂಟೆ 30 ನಿಮಿಷ ಎಂದಿದೆ. ಸಮಯದ ವ್ಯತ್ಯಾಸ ಹದಿಮೂರೂವರೆ ಗಂಟೆ ಎಂದು ಅಳಿಯ ಹೇಳಿದ ಮೇಲೆ ಅದು ಕೂಡಿಬಂತು. ಹಿಂದಿರುಗುವುದು ಮಾತ್ರ ಕೂಡುತ್ತಿಲ್ಲ. ಅಲ್ಲಿಂದ ಸೋಮವಾರ ಮಧ್ಯಾಹ್ನ 2.30ಕ್ಕೆ ಹೊರಟು ಬೆಂಗಳೂರಿಗೆ ಬುಧವಾರ ನಸುಕಿನ 1.15ಕ್ಕೆ. ಹಾಳೆಯ ಮೇಲೆ 34 ಗಂಟೆ 45 ನಿಮಿಷವಾಯಿತು. ಅದರಲ್ಲಿ ಹದಿಮೂರೂವರೆ ಕಳೆದರೆ 21 ಗಂಟೆ 15 ನಿಮಿಷ ಬರಬೇಕು. ಅವರು ಬರೆದಿರುವುದು 22 ಗಂಟೆ 15 ನಿಮಿಷ. ಒಂದು ಗಂಟೆ ಎಲ್ಲಿಂದ ಬಂತು? ಏಜೆಂಟರನ್ನು ಕೇಳಿದರೆ ‘ಕಂಪ್ಯೂಟರ್ ಹಾಕಿದ್ದು ಸರಿಯೇ ಇರುತ್ತದೆ ಅಮ್ಮ’ ಎನ್ನುತ್ತಾರೆ.

ಹಾಂಗ್‌ಕಾಂಗ್ ಹಾಳೆ ಇನ್ನೂ ವಿಚಿತ್ರ. ಬೆಂಗಳೂರಿನಿಂದ ರಾತ್ರಿ 1.30ಕ್ಕೆ ಹೊರಟು ಬೆಳಿಗ್ಗೆ 9.40ಕ್ಕೆ ಹಾಂಗ್‌ಕಾಂಗ್. ಅಲ್ಲಿಂದ ಮಧ್ಯಾಹ್ನ 1ಕ್ಕೆ ಹೊರಟು ಅದೇ ತಾರೀಖು ಬೆಳಿಗ್ಗೆ 9.15ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ! ಹೊರಟದ್ದಕ್ಕಿಂತ ಮೊದಲೇ ತಲುಪುವುದು ಹೇಗೆ?

ದೂರದ ವಿಚಾರವೂ ಇದೆ. ಅಂತರ್ಜಾಲದಲ್ಲಿ ಹುಡುಕಿದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನ ದೂರ ಸುಮಾರು 14,000 ಕಿ.ಮೀ. ಎಂದು ತೋರಿಸುತ್ತದೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಎಂದರೆ ಹದಿನೈದೂವರೆ ಗಂಟೆ ಸಾಕು. ಉಳಿದ ಹೊತ್ತೆಲ್ಲ ಕಾಯುವುದಕ್ಕೇ ಹೋಗುತ್ತದೆಯೇ?

ಯಜಮಾನರಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಸಕ್ಕರೆಯ ಗುಳಿಗೆ ದಿನಕ್ಕೆ ಎರಡು ಸಲ, ಊಟದ ಜೊತೆ. ಒತ್ತಡದ್ದು ಬೆಳಿಗ್ಗೆ ಒಂದು. ದಿನವೇ ಹಿಂದೆಮುಂದೆ ಆದರೆ ಗುಳಿಗೆಯ ಹೊತ್ತನ್ನು ಹೇಗೆ ಹಿಡಿಯಬೇಕು? ಎರಡು ಹಾಳೆಗಳಲ್ಲಿ ಯಾವುದನ್ನು ಆರಿಸುವುದು? ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.


ಉತ್ತರ: ಮೇಲ್ಗಾಳಿ, ಮೈಸೂರು

ಮೇಡಂ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ನಾನು ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೊರಡಲಿರುವ ವಿಮಾನಗಳಿಗೆ ದಾರಿಯುದ್ದಕ್ಕೂ ಮೇಲೆ ಗಾಳಿ ಹೇಗಿದೆ ಎಂಬ ನಕ್ಷೆ ಕೊಡುವುದು ನಮ್ಮ ಕೆಲಸವಾಗಿತ್ತು. ಹಾಗಾಗಿ ಈ ವಿಷಯ ಬಂದರೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ನಿಮ್ಮ ಒಂದು ಗಂಟೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದ್ದರಿಂದ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ನೀವು ಹೋಗುವುದು ನವೆಂಬರ್ ಎರಡನೆಯ ವಾರದ ಕೊನೆ, ಬರುವುದು ಏಪ್ರಿಲ್. ಹೋಗುವ ಲೆಕ್ಕಕ್ಕೆ ಹದಿಮೂರೂವರೆ, ಬರುವ ಲೆಕ್ಕಕ್ಕೆ ಹನ್ನೆರಡೂವರೆ ಹಿಡಿಯಿರಿ. 34 ಗಂಟೆ 45 ನಿಮಿಷದಲ್ಲಿ ಹನ್ನೆರಡೂವರೆ ಹೋದರೆ 22 ಗಂಟೆ 15 ನಿಮಿಷ. ಹಾಳೆ ಸರಿಯಾಗಿದೆ, ನಿಮ್ಮ ಅನುಮಾನವೂ ನ್ಯಾಯವಾದದ್ದೇ.

ಹೊರಟದ್ದಕ್ಕಿಂತ ಮೊದಲೇ ತಲುಪುವುದು ದಿನಾಂಕ ರೇಖೆಯ ಕೆಲಸ. ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೆ ಪೆಸಿಫಿಕ್ ಸಾಗರ ದಾಟುವಾಗ ನಡುವೆ ಆ ರೇಖೆ ಬರುತ್ತದೆ. ಅಲ್ಲಿ ತಾರೀಖು ಒಂದು ದಿನ ಹಿಂದಕ್ಕೆ ಹೋಗುತ್ತದೆ. ಹಾಂಗ್‌ಕಾಂಗ್ ಸಮಯ ಚಳಿಗಾಲದ ಸ್ಯಾನ್ ಫ್ರಾನ್ಸಿಸ್ಕೊಗಿಂತ 16 ಗಂಟೆ ಮುಂದಿದೆ. ಹಾಂಗ್‌ಕಾಂಗ್‌ನಲ್ಲಿ ಮಧ್ಯಾಹ್ನ 1 ಗಂಟೆಯಾದಾಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಿಂದಿನ ದಿನದ ರಾತ್ರಿ 9 ಗಂಟೆ. ರಾತ್ರಿ 9ರಿಂದ ಬೆಳಿಗ್ಗೆ 9.15ರವರೆಗೆ ಎಣಿಸಿ: 12 ಗಂಟೆ 15 ನಿಮಿಷ. ಹಾರಾಟದ ನಿಜವಾದ ಹೊತ್ತು ಅಷ್ಟು. ಮೊದಲ ಹಾರಾಟ 5 ಗಂಟೆ 40 ನಿಮಿಷ, ನಡುವೆ ಕಾಯುವುದು 3 ಗಂಟೆ 20 ನಿಮಿಷ. ಒಟ್ಟು 21 ಗಂಟೆ 15 ನಿಮಿಷ. ಹೇಗೆ ಕೂಡಿದರೂ ತಾಳೆಯಾಗುತ್ತದೆ.

ಇನ್ನು ದೂರ. 14,000 ಎನ್ನುವುದು ಭೂಮಿಯ ಮೈಮೇಲೆ ಎರಡು ಊರುಗಳ ನಡುವಿನ ಅತಿ ಕಡಿಮೆ ಅಂತರ. ಮನೆಯಲ್ಲಿ ಮಕ್ಕಳ ಭೂಗೋಳ (ಗ್ಲೋಬ್) ಇದ್ದರೆ ಒಂದು ದಾರ ತೆಗೆದುಕೊಂಡು ಬೆಂಗಳೂರಿನ ಮೇಲೆ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಹತ್ತುತ್ತದೆ. ಹೈದರಾಬಾದಿನ ಪಕ್ಕ ಹಾದು, ಮಧ್ಯಪ್ರದೇಶದ ಪೂರ್ವ ಭಾಗ, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ಎಲ್ಲ ದಾಟಿ 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆರ್ಕ್ಟಿಕ್ ಸಾಗರದ ನೀರನ್ನು ಮುಟ್ಟುತ್ತದೆ. ಅಲ್ಲಿಂದ ಬಾಗಿ ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ, ಭೂಗೋಳವೇ ಬೇಕು. ಈ ಕೆಲಸವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಆ ದಾರದ ಮೇಲೆಯೇ ವಿಮಾನ ಹೋಗುವುದು ಅಪರೂಪ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನದ ಒಳಗಿನ ಗಾಳಿಯ ಒತ್ತಡ ಹಠಾತ್ತನೆ ತಪ್ಪಿದರೆ ಪೈಲಟ್ ತಕ್ಷಣ 3,000 ಮೀಟರ್‌ಗೆ ಇಳಿಯಬೇಕು, ಜನ ಉಸಿರಾಡಬೇಕಲ್ಲ. ಅಲ್ಲಿ ಇಳಿಯಲು ಜಾಗವೇ ಇಲ್ಲ, ನೆಲವೇ ಅದಕ್ಕಿಂತ ಮೇಲಿದೆ. ಎರಡು ಎಂಜಿನ್ ವಿಮಾನವಾದರೆ ಒಂದು ಎಂಜಿನ್ ಕೆಟ್ಟಾಗ ನಿಗದಿತ ಹೊತ್ತಿನೊಳಗೆ ತಲುಪಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ಮೂಲೆಯ ಮಗಡಾನ್‌ನಲ್ಲಿ ಸುರಕ್ಷಿತವಾಗಿ ಇಳಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಹೊತ್ತಿಗಾಗಿಯೇ ಆ ನಿಯಮ. ಇನ್ನು ದೇಶದೇಶಗಳ ಜಗಳ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಆಕಾಶ ನಮ್ಮ ಕಂಪನಿಗಳಿಗೆ ಮುಚ್ಚಿತು. ಒಂದೊಂದು ಬಾಗಿಲು ಮುಚ್ಚಿದಾಗಲೂ ದಾರಿ ಸುತ್ತಾಗುತ್ತದೆ.

ನಿಲುಗಡೆಯ ವಿಮಾನದಲ್ಲಿ ದೂರ ಇನ್ನೂ ಬೆಳೆಯುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಸುಮಾರು 7,400, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 9,150. ಕೂಡಿದರೆ 16,550 ಕಿ.ಮೀ. ಹಾಂಗ್‌ಕಾಂಗ್ ದಾರಿಯಲ್ಲಿ ಸುಮಾರು 3,950 ಮತ್ತು 11,100, ಒಟ್ಟು ಹದಿನೈದು ಸಾವಿರ ಚಿಲ್ಲರೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮೇಡಂ, ಕಿಲೋಮೀಟರ್ ನೋಡಿ ಹೊತ್ತನ್ನು ಹೇಳಲು ಸಾಧ್ಯವಿಲ್ಲ. ಗಂಟೆಗೆ 900 ಕಿ.ಮೀ. ಎನ್ನುವುದು ಸುತ್ತಲಿನ ಗಾಳಿಯನ್ನು ಸೀಳಿಕೊಂಡು ಹೋಗುವ ವೇಗ. ನೆಲದ ಮೇಲಿನ ವೇಗವಲ್ಲ. ಆ ಗಾಳಿಯೇ ಓಡುತ್ತಿರುತ್ತದೆ. ಹೊಳೆಯ ಹರಿವಿನ ಜೊತೆ ದೋಣಿ ಬಿಟ್ಟರೆ ಒಂದು ಹೊತ್ತು, ಎದುರಾಗಿ ಹುಟ್ಟು ಹಾಕಿದರೆ ಇನ್ನೊಂದು ಹೊತ್ತು, ಹಾಗೆ. ನೆಲದಿಂದ ಒಂಬತ್ತು, ಹತ್ತು, ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವಿದೆ. ಜಪಾನಿನ ಹತ್ತಿರ ಚಳಿಗಾಲದಲ್ಲಿ ಅದು ಗಂಟೆಗೆ 300 ಕಿ.ಮೀ. ಮೀರುವುದುಂಟು. ಅದನ್ನು 1920ರ ದಶಕದಲ್ಲಿ ಬಲೂನು ಬಿಟ್ಟು ಅಳೆದವರು ಜಪಾನಿನ ವಾಸಾಬುರೊ ಓಯಿಶಿ. ಜಗತ್ತಿಗೆಲ್ಲ ತಿಳಿಯಲಿ ಎಂದು ಅವರು ವರದಿಯನ್ನು ಎಲ್ಲ ದೇಶದವರೂ ಬಳಸಲೆಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಆದರೆ ಹೊರಗಿನವರು ಬಹಳ ಕಾಲ ಅದನ್ನು ಗಮನಿಸಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. (ಮುಂಗಾರಿನಲ್ಲಿ ನಮ್ಮ ದಕ್ಷಿಣದ ನೆತ್ತಿಯ ಮೇಲೆ, ಇನ್ನೂ ಎತ್ತರದಲ್ಲಿ, ಪೂರ್ವದಿಂದ ಬೀಸುವ ಇನ್ನೊಂದು ಪ್ರವಾಹವಿದೆ. ಅದನ್ನು ವಿವರಿಸಿದವರು ನಮ್ಮವರೇ ಆದ ಪಿ. ಕೋಟೇಶ್ವರಂ. ನಿಮ್ಮದು ನವೆಂಬರ್ ಪ್ರಯಾಣ, ಆ ಮಾತು ಬೇಡ.)

ಇದರ ಫಲ ನಿಮ್ಮ ಹಾಳೆಯಲ್ಲೇ ಇದೆ. ಹಾಂಗ್‌ಕಾಂಗ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 12 ಗಂಟೆ ಕಾಲು. ಅದೇ ದಾರಿಯಲ್ಲಿ ಹಿಂದಕ್ಕೆ ಬರುವುದಕ್ಕೆ ಹದಿನಾಲ್ಕೂವರೆ ಗಂಟೆಯಾದರೂ ಬೇಕು. ಊರು ಅವೇ, ದೂರ ಅದೇ, ಎರಡು ಗಂಟೆಗೂ ಮೀರಿದ ವ್ಯತ್ಯಾಸ. ಇನ್ನೂ ಒಳ್ಳೆಯ ಉದಾಹರಣೆ ಬೇಕೆಂದರೆ 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಮಾಡಿದ್ದನ್ನು ನೋಡಿ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ವಿಮಾನವನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ಹಾರಿದ ದೂರ ಸುಮಾರು 15,300 ಕಿ.ಮೀ., ಹಳೆಯ ದಾರಿಗಿಂತ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು. ಹಿಡಿದ ಹೊತ್ತು ಹದಿನಾಲ್ಕೂವರೆ ಗಂಟೆ, ಮೊದಲಿಗಿಂತ ಸುಮಾರು ಎರಡು ಗಂಟೆ ಕಡಿಮೆ! ಅದು ಪೂರಾ ಗಾಳಿ ಕೊಟ್ಟ ಲಾಭ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ದಾರಿ ಹಿಡಿದರು. ಬರುವಾಗ ಪೆಸಿಫಿಕ್ ಮೇಲೆ ಗಾಳಿ ಎದುರು; ಧ್ರುವದ ಕಡೆಯಿಂದ ಬಂದರೆ ಅದರ ಕೈಗೆ ಸಿಗುವುದು ಕಡಿಮೆ. ಅಂದು ನಾನು ಮನೆಯಲ್ಲಿ ಮೊಬೈಲ್ ಹಿಡಿದುಕೊಂಡು ಆ ವಿಮಾನದ ಚುಕ್ಕೆ ದೇವನಹಳ್ಳಿಗೆ ಇಳಿಯುವವರೆಗೂ ಎದ್ದಿದ್ದೆ.

ಹಾಗಾದರೆ ನಿಮಗೆ ಯಾವುದು? ಗಾಳಿ ಬೆನ್ನಿಗಿರಬೇಕಾದರೆ ಹೋಗುವಾಗ ಹಾಂಗ್‌ಕಾಂಗ್, ಬರುವಾಗ ಫ್ರಾಂಕ್‌ಫರ್ಟ್. ಎರಡೂ ಸಲ ಪೂರ್ವಕ್ಕೇ ಹಾರಿ ಭೂಮಿಗೆ ಒಂದು ಸುತ್ತು ಬಂದಂತಾಗುತ್ತದೆ. ಆದರೆ ಎರಡೂ ಬೇರೆ ಬೇರೆ ಕಂಪನಿಗಳಾದರೆ ದರ ಏರಬಹುದು, ಕೇಳಿ ನೋಡಿ. ಒಂದೇ ಆಗಬೇಕೆಂದರೆ ನನ್ನ ಮತ ಹಾಂಗ್‌ಕಾಂಗ್‌ಗೆ. ಹೋಗುವಾಗ ಎರಡು ಗಂಟೆ ಉಳಿಯುತ್ತದೆ, ನಡುವೆ ಮೂರು ಗಂಟೆಗೂ ಮೇಲೆ ಸಮಯವಿದೆ. ಫ್ರಾಂಕ್‌ಫರ್ಟ್ ಹಾಳೆಯಲ್ಲಿ ಕಾಯುವ ಹೊತ್ತು ಎಷ್ಟೆಂದು ನೀವು ಬರೆದಿಲ್ಲ; ಎರಡು ಗಂಟೆಯ ಸುತ್ತಮುತ್ತ ಇರಬೇಕೆಂದು ನನ್ನ ಅಂದಾಜು. ಮೊದಲ ಸಲ ಹೋಗುವ ಹಿರಿಯರಿಗೆ ಅದು ಸಾಲದು. ಮೊದಲ ವಿಮಾನ ಮುಕ್ಕಾಲು ಗಂಟೆ ತಡವಾದರೆ ಓಡಬೇಕಾಗುತ್ತದೆ.


ಉತ್ತರ: ರಾತ್ರಿ ಪಾಳಿ, ಕ್ಯಾಲಿಫೋರ್ನಿಯಾ

ಅಮ್ಮಾ, ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ಊರು ಕುಂದಾಪುರದ ಹತ್ತಿರ. ಗುಳಿಗೆಯ ವಿಷಯ ಮಾತ್ರ ಹೇಳುತ್ತೇನೆ, ಗಾಳಿಯ ವಿಷಯ ಮೇಲಿನವರೇ ಚೆನ್ನಾಗಿ ಹೇಳಿದ್ದಾರೆ.

ಗೋಡೆಯ ಗಡಿಯಾರ ನೋಡಿ ಗುಳಿಗೆ ಕೊಡಬೇಡಿ. ಒಂದು ಗುಳಿಗೆಯಿಂದ ಇನ್ನೊಂದಕ್ಕೆ ಎಷ್ಟು ಗಂಟೆ ಎಂದು ಎಣಿಸಿ. ಅಪ್ಪನವರ ಕೈಗಡಿಯಾರವನ್ನು ಫ್ರೀಮಾಂಟ್ ಮನೆ ಮುಟ್ಟುವವರೆಗೆ ಬೆಂಗಳೂರು ಸಮಯದಲ್ಲೇ ಬಿಡಿ. ಮೊಬೈಲ್ ತಾನಾಗಿ ಸಮಯ ಬದಲಿಸಿಕೊಳ್ಳುತ್ತದೆ, ಅದನ್ನು ಈ ಕೆಲಸಕ್ಕೆ ನಂಬಬೇಡಿ. ಹೊರಡುವ ಮೊದಲು ಎರಡು ಹಾಳೆಗಳನ್ನೂ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಯಾವ ಊಟಕ್ಕೆ ಯಾವ ಗುಳಿಗೆ ಎಂದು ಅದೇ ಹಾಳೆಯ ಮೇಲೆ ಬರೆಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಹೊಸ ಸಮಯಕ್ಕೆ ಹೇಗೆ ಹೊಂದಿಸುವುದು ಎಂದೂ ಕೇಳಿ. ಎಷ್ಟೋ ಜನ ಈ ಕೊನೆಯದನ್ನು ಕೇಳುವುದನ್ನೇ ಮರೆಯುತ್ತಾರೆ. ಗುಳಿಗೆಗಳೆಲ್ಲ ಕೈಚೀಲದಲ್ಲಿರಲಿ, ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ಔಷಧ ಚೀಟಿ ಜೊತೆಗಿರಲಿ. ಐದು ತಿಂಗಳಿಗಾಗುವಷ್ಟು ತನ್ನಿ. ಮಧುಮೇಹಿಗಳ ಊಟ ಬೇಕೋ ಸಸ್ಯಾಹಾರವೋ ಎಂಬುದನ್ನು ಟಿಕೆಟ್ ಮಾಡಿಸುವಾಗಲೇ ಬರೆಸಬೇಕು, ವಿಮಾನ ಹತ್ತಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಇನ್ನೊಂದು ವಿಷಯ. ವಿಮಾನದ ಒಳಗಿನ ಗಾಳಿ ನಿಮ್ಮೂರು ಸಾಗರದ ಗಾಳಿಯಂತಲ್ಲ. ಒಳಗಿನ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟು ಇರುತ್ತದೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಂದರೆ ನೀವು ಅರ್ಧ ದಿನ ಆ ಬೆಟ್ಟದ ತುದಿಯಲ್ಲಿ ಕುಳಿತಿರುತ್ತೀರಿ, ಅದೂ ಬಹಳ ಒಣ ಗಾಳಿಯಲ್ಲಿ. ಬಾಯಾರಿಕೆಯಾಗದಿದ್ದರೂ ನೀರು ಕುಡಿಸಿ. ಶೌಚಾಲಯಕ್ಕೆ ಏಳಬೇಕಾಗುತ್ತದೆ ಎಂದು ನಮ್ಮ ಹಿರಿಯರು ನೀರೇ ಮುಟ್ಟುವುದಿಲ್ಲ, ಅದು ತಪ್ಪು. ಆ ಏಳುವುದೇ ಕಾಲಿಗೆ ಔಷಧ. ಗಂಟೆಗಟ್ಟಲೆ ಕಾಲು ಕೆಳಗೆ ಬಿಟ್ಟು ಅಲ್ಲಾಡದೆ ಕುಳಿತರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ನಡುವಿನ ಓಡಾಟದ ಪಕ್ಕದ ಸೀಟು ಕೇಳಿ ಪಡೆಯಿರಿ, ಎದ್ದು ನಾಲ್ಕು ಹೆಜ್ಜೆ ನಡೆಸಿ, ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸಲು ಹೇಳಿ. ಗಾಲಿಕುರ್ಚಿಯನ್ನೂ ಮೊದಲೇ ಬರೆಸಿ. ಅಪ್ಪನವರು ಚೆನ್ನಾಗಿ ನಡೆಯುತ್ತಾರೆ ಎಂದರೂ ಬರೆಸಿ, ಆ ನಿಲ್ದಾಣಗಳ ಓಣಿಗಳು ಬಹಳ ಉದ್ದ.

ಇಲ್ಲಿ ಇಳಿದಾಗ ಬೆಳಿಗ್ಗೆ 9.15 ಎಂದರೆ ಬೆಂಗಳೂರಿನಲ್ಲಿ ರಾತ್ರಿ 10.45. ಮೈ ಹಾಸಿಗೆ ಕೇಳುತ್ತದೆ. ಮಲಗಬೇಡಿ. ಮಗಳ ಮನೆಯ ಹೊರಗೆ ಬಿಸಿಲಿಗೆ ಬಂದು ಕುಳಿತುಕೊಳ್ಳಿ, ಕತ್ತಲಾಗುವವರೆಗೆ ತಡೆಯಿರಿ. ಬಾಣಂತಿಯ ಮನೆಯಲ್ಲಿ ರಾತ್ರಿಯೆಲ್ಲ ಎಚ್ಚರವಿರಬೇಕಾಗುತ್ತದೆ. ಅದಕ್ಕೆ ಮೊದಲು ನಿಮ್ಮ ನಿದ್ರೆ ಒಂದು ಹದಕ್ಕೆ ಬಂದಿರಲಿ.

ಬಾಣಂತಿ ಲೇಹ್ಯ, ಶುಂಠಿ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಏನೇ ತಂದರೂ ಇಲ್ಲಿನ ಕಸ್ಟಮ್ಸ್‌ನವರು ಕೇಳಿದಾಗ ಆಹಾರ ಪದಾರ್ಥ ಇದೆ ಎಂದು ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ನೋಡುತ್ತಾರೆ, ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಹೇಳದೆ ಸಿಕ್ಕಿದರೆ ದಂಡ ಹಾಕುತ್ತಾರೆ. ಹಸಿ ಹಣ್ಣು, ವೀಳ್ಯದೆಲೆ ತರಬೇಡಿ. ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಯಲ್ಲಿರಲಿ, ಕೈಚೀಲದಲ್ಲಿಟ್ಟರೆ ಬೆಂಗಳೂರಿನಲ್ಲೇ ತೆಗೆಸುತ್ತಾರೆ.


ಉತ್ತರ: ಹುಬ್ಬಳ್ಳಿ ಹುಡುಗ

ಮೈಸೂರಿನ ಹಿರಿಯರ ಮಾತಿಗೆ ಒಂದು ಸಣ್ಣ ಭಿನ್ನಾಭಿಪ್ರಾಯ. ಒಟ್ಟು ಗಂಟೆಗಿಂತ ಒಂದೇ ಸಮನೆ ಕೂರಬೇಕಾದ ಅತಿ ಉದ್ದದ ಹಾರಾಟ ಯಾವುದು ಎನ್ನುವುದನ್ನು ಮೊದಲು ನೋಡಬೇಕು. ನಮ್ಮ ತಂದೆ ತಾಯಿಯನ್ನು ದುಬೈ ಮೂಲಕ ಕಳಿಸಿದ್ದೆವು. ಕಾಗದದಲ್ಲಿ ಚೆನ್ನಾಗಿತ್ತು: ಬೆಂಗಳೂರಿನಿಂದ ದುಬೈ 2,700 ಕಿ.ಮೀ., ನಾಲ್ಕು ಗಂಟೆ. ಆದರೆ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,000 ಕಿ.ಮೀ., ಹತ್ತಿರ ಹತ್ತಿರ ಹದಿನಾರು ಗಂಟೆ. ಹನ್ನೆರಡನೆಯ ಗಂಟೆಯವರೆಗೆ ಅಪ್ಪ ತಡೆದರಂತೆ, ಆಮೇಲಿನ ನಾಲ್ಕು ಗಂಟೆ ಬೆನ್ನುನೋವಿನಿಂದ ನಿಂತೇ ಕಳೆದರಂತೆ. ಹಾಂಗ್‌ಕಾಂಗ್ ದಾರಿಯಲ್ಲಿ ಹೋಗುವಾಗ ಹನ್ನೆರಡು ಕಾಲು ಸರಿ. ಬರುವಾಗ ಹದಿನಾಲ್ಕೂವರೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಹೋಗುವಾಗಲೂ ಬರುವಾಗಲೂ ಉದ್ದದ ತುಂಡು ಹನ್ನೊಂದು, ಹನ್ನೊಂದೂವರೆ ಗಂಟೆಯ ಆಸುಪಾಸು. ಬೆನ್ನು, ಮಂಡಿ ಗಟ್ಟಿ ಇಲ್ಲದವರಿಗೆ ಅದೇ ಮೇಲು.

ಯಾವುದನ್ನೇ ಆರಿಸಿದರೂ ಅಮೆರಿಕದ ಒಳಗೆ ಇನ್ನೊಂದು ವಿಮಾನ ಹಿಡಿಯುವಂಥ ಟಿಕೆಟ್ ಬೇಡ. ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ವಲಸೆ ತಪಾಸಣೆ, ಪೆಟ್ಟಿಗೆ ಎತ್ತಿಕೊಳ್ಳುವುದು, ಮತ್ತೆ ಒಪ್ಪಿಸುವುದು ಎಲ್ಲ ಆಗಬೇಕು. ನಡುವಿನ ದೇಶದ ಟ್ರಾನ್ಸಿಟ್ ನಿಯಮವನ್ನು ಹಣ ಕಟ್ಟುವ ಮೊದಲು ವಿಮಾನ ಕಂಪನಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಿ.


ಮರುಮಾತು: ಸಾಗರದ ಲೆಕ್ಕದಮ್ಮ

ಎಲ್ಲರಿಗೂ ಕೈಮುಗಿಯುತ್ತೇನೆ. ಪಕ್ಕದ ಮನೆಯ ಮಗುವಿನ ಭೂಗೋಳ ತಂದು, ಹೂ ಕಟ್ಟುವ ದಾರ ಹಿಡಿದು ನೋಡಿದೆವು. ಯಜಮಾನರು ಒಂದು ತುದಿ, ನಾನು ಒಂದು ತುದಿ. ಎಷ್ಟು ಸಲ ಎಳೆದರೂ ದಾರ ಅಲಾಸ್ಕಾಕ್ಕೇ ಹೋಗಿ ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಓದಿದ ಭೂಗೋಳ ಪಾಠದಲ್ಲಿ ಇದನ್ನು ಯಾರೂ ತೋರಿಸಿರಲಿಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ ಕಾಯುವ ಹೊತ್ತು ಹೋಗುವಾಗ ಸರಿಯಾಗಿ ಎರಡು ಗಂಟೆ. ನೀವು ಅಂದಾಜು ಮಾಡಿದಷ್ಟೇ. ಸುತ್ತು ಹಾಕಿ ಬರುವ ಟಿಕೆಟ್ ಬಗ್ಗೆ ಏಜೆಂಟರನ್ನು ಕೇಳಿದೆ, ಹೋಗಿಬರುವ ಟಿಕೆಟ್ಟಿಗಿಂತ ಬಹಳ ಹೆಚ್ಚು. ಭೂಮಿಗೆ ಪ್ರದಕ್ಷಿಣೆ ಹಾಕಿ ಬರಬೇಕೆಂಬ ಆಸೆ ನನಗೆ ನಿಜಕ್ಕೂ ಆಗಿತ್ತು, ಆದರೆ ಆ ಹಣ ಮೊಮ್ಮಗುವಿಗೆ ಇರಲಿ. ಯಜಮಾನರ ಬೆನ್ನು ಗಟ್ಟಿ ಇದೆ, ಇಂದಿಗೂ ತೋಟದ ಕೆಲಸ ಮಾಡುತ್ತಾರೆ. ಆದ್ದರಿಂದ ಹಾಂಗ್‌ಕಾಂಗ್ ಮೂಲಕವೇ ಹೋಗಿಬರುವುದೆಂದು ತೀರ್ಮಾನಿಸಿದೆವು. ನಾಳಿದ್ದು ಡಾಕ್ಟರ ಹತ್ತಿರ ಹೋಗಿ ಗುಳಿಗೆಯ ಹೊತ್ತು ಬರೆಸಿಕೊಳ್ಳುತ್ತೇವೆ. ಗಾಲಿಕುರ್ಚಿಗೆ ಅವರು ಒಪ್ಪುತ್ತಿಲ್ಲ, ಒಪ್ಪಿಸುತ್ತೇನೆ.

ಬರುವ ಲೆಕ್ಕವನ್ನು ನಾನೇ ಮಾಡಿದ್ದೇನೆ, ದಯವಿಟ್ಟು ನೋಡಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸೋಮವಾರ ಮಧ್ಯಾಹ್ನ 1ಕ್ಕೆ ಹೊರಡುವುದು. ಹಾಂಗ್‌ಕಾಂಗ್‌ಗೆ ಮಂಗಳವಾರ ಸಂಜೆ 6.30. ಏಪ್ರಿಲ್‌ನಲ್ಲಿ ಅವೆರಡರ ವ್ಯತ್ಯಾಸ 16 ಅಲ್ಲ, 15 ಗಂಟೆ. ಹಾಳೆಯ ಮೇಲೆ ಇಪ್ಪತ್ತೊಂಬತ್ತೂವರೆ ಗಂಟೆ, ಅದರಲ್ಲಿ 15 ಕಳೆದರೆ ಹಾರಾಟ ಹದಿನಾಲ್ಕೂವರೆ. ಅಲ್ಲಿ ಎರಡೂವರೆ ಗಂಟೆ ಕಾದು ರಾತ್ರಿ 9ಕ್ಕೆ ಹೊರಟರೆ ಬೆಂಗಳೂರಿಗೆ ಮಧ್ಯರಾತ್ರಿ ಕಳೆದು 12.15, ತಾರೀಖಿನ ಪ್ರಕಾರ ಬುಧವಾರ. ಹಾಂಗ್‌ಕಾಂಗ್ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಅದು 5 ಗಂಟೆ 45 ನಿಮಿಷದ ಹಾರಾಟ. ಒಟ್ಟು 22 ಗಂಟೆ 45 ನಿಮಿಷ. ಇನ್ನೊಂದು ಕಡೆಯಿಂದಲೂ ನೋಡಿದೆ: ಸೋಮವಾರ ಮಧ್ಯಾಹ್ನ 1ರಿಂದ ಬುಧವಾರ 12.15ರವರೆಗೆ 35 ಗಂಟೆ 15 ನಿಮಿಷ, ಅದರಲ್ಲಿ ಹನ್ನೆರಡೂವರೆ ಹೋದರೆ ಅದೇ 22 ಗಂಟೆ 45 ನಿಮಿಷ. ಎರಡೂ ಕಡೆ ತಾಳೆಯಾಯಿತು.


ಉತ್ತರ: ಮೇಲ್ಗಾಳಿ, ಮೈಸೂರು

ಲೆಕ್ಕ ಪೂರ್ತಿ ಸರಿ ಮೇಡಂ. ಹುಬ್ಬಳ್ಳಿಯವರ ಮಾತನ್ನೂ ಒಪ್ಪುತ್ತೇನೆ, ಬೆನ್ನುನೋವಿನವರಿಗೆ ಅವರು ಹೇಳಿದ್ದೇ ಸರಿಯಾದ ದಾರಿ.

ಒಂದು ಎಚ್ಚರಿಕೆ. ವಿಮಾನ ಕಂಪನಿಗಳು ವರ್ಷಕ್ಕೆ ಎರಡು ಸಲ, ಅಕ್ಟೋಬರ್ ಕೊನೆಯ ಭಾನುವಾರ ಮತ್ತು ಮಾರ್ಚ್ ಕೊನೆಯ ಭಾನುವಾರ, ವೇಳಾಪಟ್ಟಿ ಬದಲಿಸುತ್ತವೆ. ನಿಮ್ಮ ಹೋಗುವ ದಿನವೂ ಬರುವ ದಿನವೂ ಈ ಬದಲಾವಣೆಯ ಬೆನ್ನಿಗೇ ಇವೆ. ಈಗ ಹಾಳೆಯಲ್ಲಿರುವ ನಿಮಿಷಗಳು ಆಗಲೂ ಹಾಗೆಯೇ ಇರುತ್ತವೆ ಎಂದು ತಿಳಿಯಬೇಡಿ. ಹೊರಡುವ ವಾರ ಏಜೆಂಟರಿಂದ ಹೊಸ ಹಾಳೆ ತರಿಸಿಕೊಳ್ಳಿ. ಹಿಂದಿರುಗುವ ಪ್ರಯಾಣದ ಹಾಳೆಯನ್ನೂ ಮಾರ್ಚ್ ಕೊನೆಯಲ್ಲಿ ಅಳಿಯಂದಿರಿಂದ ತೆಗೆಸಿ ನೋಡಿ. ಹಾಂಗ್‌ಕಾಂಗ್‌ನಲ್ಲಿ ಬರುವಾಗ ನಿಮಗಿರುವುದು ಎರಡೂವರೆ ಗಂಟೆ. ಹೊಸ ಹಾಳೆಯಲ್ಲಿ ಅದು ಒಂದೂವರೆಗೆ ಇಳಿದಿದ್ದರೆ ತಕ್ಷಣ ಕಂಪನಿಗೆ ಫೋನ್ ಮಾಡಿ, ಮುಂದಿನ ಬೆಂಗಳೂರು ವಿಮಾನಕ್ಕೆ ಹಾಕಿಕೊಡಲು ಕೇಳಿ. ವೇಳೆ ಬದಲಿಸಿದವರು ಅವರೇ ಆಗಿರುವುದರಿಂದ ಸಾಮಾನ್ಯವಾಗಿ ಹೆಚ್ಚಿನ ಹಣ ಕೇಳುವುದಿಲ್ಲ.